ಕುಡಿತ ಬಿಟ್ಟ ಮೊದಲ ವಾರ

ನವೆಂಬರ್ ಮಧ್ಯದಲ್ಲಿ ವೃಶ್ಚಿಕ ಮಾಸ ಶುರುವಾದ ಕೂಡಲೇ ನನ್ನ ಫೋನಿಗೆ ಪುರುಸೊತ್ತಿಲ್ಲ. ಶಬರಿಮಲೆಗೆ ಮಾಲೆ ಹಾಕಿದವರು 41 ದಿನದ ವ್ರತ ಹಿಡಿಯುತ್ತಾರೆ. ದಿನಾ ಕುಡಿಯುತ್ತಿದ್ದವರು ಒಂದೇ ಬೆಳಿಗ್ಗೆ ಬಿಟ್ಟುಬಿಡುತ್ತಾರೆ. ಮನೆಯವರಿಗೆ ಖುಷಿ. ಮೂರನೇ ದಿನ ಅದೇ ಮನೆಯಿಂದ ಕರೆ: "ಒಮ್ಮೆ ಬನ್ನಿ. ರಾತ್ರಿಯಿಡೀ ಗೋಡೆಯಲ್ಲಿ ಹುಳ ಹೆಕ್ಕುತ್ತಿದ್ದಾರೆ."

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮಾನಸಿಕ ಆರೋಗ್ಯದ ನರ್ಸ್ ಆಗಿ ಮನೆ ಮನೆ ಸುತ್ತುವ ಕೆಲಸ ನನ್ನದು. ಈ ಮೊದಲ ವಾರವನ್ನು ನಾನು ಹೇಗೆ ನಿಭಾಯಿಸುತ್ತೇನೆ ಎಂಬುದನ್ನೇ ಇಲ್ಲಿ ಹೇಳುವುದು. ಜನ "ಬಿಡು ಬಿಡು" ಎನ್ನುತ್ತಾರೆ. ಬಿಡುವುದು ಹೇಗೆ ಅಂತ ಹೇಳುವವರು ಕಡಿಮೆ.

ಮದ್ಯ ಮಿದುಳಿನ ಚುರುಕನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನಾ ಕುಡಿದರೆ ಮಿದುಳು ಅದಕ್ಕೆ ಒಗ್ಗಿಕೊಂಡು ತಾನೇ ಹೆಚ್ಚು ಚುರುಕಾಗಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಚುರುಕಿಗೆ ತಡೆಯೇ ಇಲ್ಲ. ಆರೇಳು ಗಂಟೆಯಲ್ಲಿ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಅಪಸ್ಮಾರದಂಥ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್: ಹಗಲು ರಾತ್ರಿ ಗೊತ್ತಾಗುವುದಿಲ್ಲ, ಇಲ್ಲದ ಹುಳ, ಇಲ್ಲದ ಜನ ಕಾಣುತ್ತಾರೆ, ಜ್ವರ ಬರುತ್ತದೆ, ನಾಡಿ ಓಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

2020ರ ಮಾರ್ಚ್ ಕೊನೆಯಲ್ಲಿ ಇದನ್ನು ಇಡೀ ಕೇರಳ ನೋಡಿತು. ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಒಟ್ಟಿಗೆ ಮುಚ್ಚಿದವು. ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಬಹುದೆಂದು ಸರಕಾರ ಆದೇಶ ಮಾಡಿತು. ವೈದ್ಯರು ವಿರೋಧಿಸಿದರು, ಏಪ್ರಿಲ್ 2ರಂದು ಹೈಕೋರ್ಟ್ ತಡೆ ಕೊಟ್ಟಿತು. ಅದೇ ಸರಿ, ಇದಕ್ಕೆ ಮದ್ದು ಮದ್ಯವಲ್ಲ. ನಮ್ಮ ಕಷ್ಟ ಬೇರೆ ಇತ್ತು. ತಲಪಾಡಿ ಗಡಿ ಮುಚ್ಚಿತ್ತು. ಯಾವಾಗಲೂ ಮಂಗಳೂರಿಗೇ ಓಡುವ ನಮಗೆ ಆ ದಾರಿ ಇರಲಿಲ್ಲ. ಆಗ ಹೆಚ್ಚಿನವರನ್ನು ಮನೆಯಲ್ಲೇ ನೋಡಬೇಕಾಯಿತು.

ಮನೆಗೆ ಹೋದರೆ ಮೊದಲು ಎಷ್ಟು ಕುಡಿಯುತ್ತಿದ್ದರು ಎಂದು ತಿಳಿಯಬೇಕು. "ಜಾಸ್ತಿ ಇಲ್ಲ ಮಾರಾಯ್ರೆ, ಎರಡು ಪ್ಯಾಕೆಟ್" ಎನ್ನುತ್ತಾರೆ. ಗಡಿಯಾಚೆಯಿಂದ ಬರುವ 90 ಎಂಎಲ್ ಪ್ಯಾಕೆಟ್ ಅದು. ಅದರಲ್ಲಿ ಶೇ. 42.8ರಷ್ಟು ಮದ್ಯಸಾರ, ಅಂದರೆ ಸುಮಾರು 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ 10 ಗ್ರಾಂ ಅಂದರೆ ಒಂದು ಡ್ರಿಂಕ್. ಎರಡು ಪ್ಯಾಕೆಟ್‌ಗೆ ಆರು ಡ್ರಿಂಕ್ ಆಯಿತು. ಈ ಲೆಕ್ಕವನ್ನು ಅವರೆದುರೇ ಕಾಗದದಲ್ಲಿ ಬರೆಯುತ್ತೇನೆ, ಬೈಯುವುದಿಲ್ಲ. ಆ ಪಟ್ಟಿಯಲ್ಲಿ ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರ ಬೇಕು, 20 ಮುಟ್ಟಿದರೆ ಅವಲಂಬನೆ ಇರುವ ಸಾಧ್ಯತೆ ಜಾಸ್ತಿ. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ಒಂದೇ ಪ್ರಶ್ನೆ: "ಬೆಳಿಗ್ಗೆ ಎದ್ದ ಕೂಡಲೇ ಕೈ ನಿಲ್ಲಬೇಕಾದರೆ ಒಂದು ಗುಟುಕು ಬೇಕಾಗುತ್ತದಾ?"

ಹಿಂದೆ ಫಿಟ್ಸ್ ಬಂದವರು, ಭ್ರಮೆ ಆದವರು, ಹೃದಯದ ಅಥವಾ ಲಿವರಿನ ಕಾಯಿಲೆ ಇರುವವರು, ಒಂಟಿಯಾಗಿ ಇರುವವರು ಆಸ್ಪತ್ರೆಗೇ ಹೋಗಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಉಳಿದವರಿಗೆ ವೈದ್ಯರು ಮಿದುಳಿನ ಆ ಚುರುಕನ್ನು ತಗ್ಗಿಸುವ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಬರೆದು, ಸುಮಾರು ಒಂದು ವಾರದಲ್ಲಿ ಪ್ರಮಾಣ ಇಳಿಸುತ್ತಾ ಹೋಗುತ್ತಾರೆ. ಲಿವರ್ ಕೆಟ್ಟು ಆಸ್ಪತ್ರೆಗೆ ಹೋದವರಿಗೆ ಲೊರಾಜೆಪಾಮ್. ಮಾತ್ರೆ ಮನೆಯವರ ಕೈಯಲ್ಲಿರಬೇಕು. ದಿನಾ ಹೋಗಿ ಕೈ ಚಾಚಿಸಿ ನಡುಕ ನೋಡುತ್ತೇನೆ, ನಾಡಿ ಎಣಿಸುತ್ತೇನೆ, ಇವತ್ತು ಯಾವ ವಾರ ಎಂದು ಕೇಳುತ್ತೇನೆ. ಕೊನೆಯದಕ್ಕೆ ತಪ್ಪು ಉತ್ತರ ಬಂದರೆ ಆ ಕ್ಷಣವೇ ಜೀಪು.

ಎರಡು ವಿಷಯ ನಮ್ಮೂರಿಗೆ ಬೇಕೇ ಬೇಕು. ಒಂದು, ಈ ವಾರ ಅಡಿಕೆ ಮರ ಹತ್ತುವಂತಿಲ್ಲ. ಮದ್ದು ಸಿಂಪಡಿಸುವ ಮಳೆಗಾಲದಲ್ಲಿ ಈ ಮಾತು ಒಪ್ಪಿಸುವುದು ಕಷ್ಟ. ಮರದ ಮೇಲೆ ಫಿಟ್ಸ್ ಬಂದರೆ ಎಂತ ಗತಿ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಇನ್ನೊಂದು, ಸುಸ್ತಾಗಿದ್ದಾರೆಂದು ಸುಮ್ನೆ ಗ್ಲೂಕೋಸ್ ಹಾಕಿಸಬಾರದು. ಹೆಚ್ಚು ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು, ನೆನಪಿನ ಶಕ್ತಿಯೇ ಹೋಗಬಹುದು. "ಥಯಾಮಿನ್ ಕೊಟ್ಟಿದ್ದೀರಾ" ಎಂದು ಕೇಳಲು ಮನೆಯವರಿಗೇ ಕಲಿಸಿಬಿಟ್ಟಿದ್ದೇನೆ.

ಇಲ್ಲದ್ದು ಕಾಣಲು ಶುರುವಾದರೆ ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಲು ಹೋಗುತ್ತಾರೆ, ದೈವಸ್ಥಾನಕ್ಕೆ ಹೋಗುತ್ತಾರೆ. ನಾನು ತಡೆಯುವುದಿಲ್ಲ. ಹರಕೆ ಹೇಳಿಕೊಳ್ಳಿ, ಗಾಡಿ ಮಾತ್ರ ಮೊದಲು ಆಸ್ಪತ್ರೆಗೆ ತಿರುಗಲಿ ಎನ್ನುತ್ತೇನೆ. ಅಲ್ಲಿ ಜಗಳ ಮಾಡಿ ಗೆದ್ದರೆ ರೋಗಿಯೇ ಕೈತಪ್ಪುತ್ತಾನೆ.

"ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ಉಂಟಾ?" ಎಂದು ಕೇಳದ ಹೆಂಡತಿಯರು ಕಡಿಮೆ. ಡೈಸಲ್ಫಿರಾಮ್ ಎಂಬ ಮಾತ್ರೆ ಉಂಟು. ಅದನ್ನು ತಿಂದವನು ಕುಡಿದರೆ ಮದ್ಯ ಪೂರ್ತಿ ಕರಗದೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮೈಯಲ್ಲಿ ಸೇರಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ತಿಳಿದು, ಒಪ್ಪಿ ತಿನ್ನುವವನಿಗೆ ಅದು ಸಹಾಯ. ತಿಳಿಯದೆ ತಿಂದವನಿಗೆ ವಿಷ. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ವ್ರತ ಮುಗಿಯುವ ಮೊದಲೇ ವೈದ್ಯರ ಹತ್ತಿರ ಇದರ ಬಗ್ಗೆ ಮಾತಾಡಿಸುತ್ತೇನೆ. ಮಾಲೆ ತೆಗೆದ ಸಂಜೆಯೇ ಮತ್ತೆ ಶುರುವಾಗುವುದು ಮಾಮೂಲು, ಅಲ್ವಾ?

ಮೊದಲ ವಾರ ದಾಟಿದ ಮೇಲೆ ಬೇರೆ ಕೆಲಸ ಶುರು. ಕುಡಿತದ ಹಿಂದೆ ಬೇರೆ ಏನಾದರೂ ಇದೆಯಾ ಎಂದು ನೋಡುತ್ತೇವೆ. ಅವಸರ ಮಾಡಬಾರದು. ಮದ್ಯವೇ ತಂದ ಬೇಸರ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಇಳಿಯುವುದುಂಟು. ಇಳಿಯದಿದ್ದರೆ ಖಿನ್ನತೆಯ ಚಿಕಿತ್ಸೆ. ನಮ್ಮಲ್ಲಿ ಯಾರೂ "ನನಗೆ ಖಿನ್ನತೆ" ಎಂದು ಬರುವುದಿಲ್ಲ. ಮೈಕೈ ನೋವು, ತಲೆಭಾರ, ಎದೆಯಲ್ಲಿ ಹಿಡಿದಂತೆ, ಮೂರು ಗಂಟೆಗೇ ಎಚ್ಚರ, ತೋಟಕ್ಕೆ ಹೋಗಲು ಮನಸ್ಸಿಲ್ಲ. ಹೀಗೆ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಕೇಳಲೇಬೇಕು. ಸಾಯುವ ಯೋಚನೆ ಬರುತ್ತದಾ ಎಂದೂ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎನ್ನುವುದು ಸುಳ್ಳು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡುವುದಿಲ್ಲ, ಕೀಟನಾಶಕದ ಡಬ್ಬಿ ಮನೆಯಿಂದ ಹೊರಗೆ ಹೋಗಬೇಕು. ರಾತ್ರಿ ನಾನು ಸಿಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹತ್ತನೇ ದಿನಕ್ಕೆ "ಪ್ರಯೋಜನ ಇಲ್ಲ" ಎಂದು ಬಿಡುವವರೇ ಜಾಸ್ತಿ. ಆದ್ದರಿಂದ ಮಾತ್ರೆ ಕೊಡುವ ದಿನವೇ ಇದನ್ನು ಹೇಳಿಬಿಡುತ್ತೇನೆ.

ಈಗೀಗ ಗಾಂಜಾ, ಎಂಡಿಎಂಎ ಎಂದು ಬರುವ ಹುಡುಗರು ಹೆಚ್ಚುತ್ತಿದ್ದಾರೆ. ಯಾರೋ ಹಿಂಬಾಲಿಸುತ್ತಾರೆ, ಕಿವಿಯಲ್ಲಿ ಮಾತು ಕೇಳುತ್ತದೆ ಎಂದರೆ ಮನೆಯಲ್ಲಿ ಇಟ್ಟುಕೊಳ್ಳದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅದರ ಕಥೆಯೇ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಗಂಡನನ್ನು ನೋಡಲು ಹೋದ ಮನೆಯಲ್ಲಿ ಚಹಾ ತಂದಿಡುವ ಹೆಂಡತಿಯನ್ನೂ ಕೂರಿಸಿ ನಿದ್ದೆ ಹೇಗೆ, ಊಟ ಹೇಗೆ ಎಂದು ಕೇಳುವುದು ನನ್ನ ಅಭ್ಯಾಸ. ಎಷ್ಟೋ ಮನೆಗಳಲ್ಲಿ ಅವಳ ಖಿನ್ನತೆಯೇ ಹಳೆಯದು. ಗಂಡ ಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಅವಳೇ ಹೇಳುತ್ತಾಳೆ. ನಾನು ಕಾಯುವುದಿಲ್ಲ. ಅವಳ ಹೆಸರಿನಲ್ಲಿ ಬೇರೆ ಚೀಟಿ ಮಾಡಿಸಿ, ಮುಂದಿನ ತಾರೀಕನ್ನು ಬೇರೆಯೇ ಕೊಡುತ್ತೇನೆ. ಒಂದೇ ದಿನ ಕೊಟ್ಟರೆ ಅವನು ಬಾರದ ದಿನ ಅವಳೂ ಬರುವುದಿಲ್ಲ.