ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ: ಎರಡು ಲಕ್ಷದೊಳಗೆ ನಾನು ಕಾರು ಕೊಂಡದ್ದು ಹೀಗೆ

2022ರ ಡಿಸೆಂಬರ್‌ನಲ್ಲಿ ನನ್ನ ಹತ್ತಿರ ಇದ್ದದ್ದು 2,10,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಚೀಟಿ ಎತ್ತಿದ ದುಡ್ಡು. ಅವ್ವನನ್ನು ಹದಿನೈದು ದಿನಕ್ಕೊಮ್ಮೆ ಗಂಗಾವತಿಯಿಂದ ಬಳ್ಳಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮೊಣಕಾಲು ನೋವಿಗೆ ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಪ್ರತಿ ಸಲ ಬಾಡಿಗೆ ಕಾರು ಅಂದ್ರೆ ಅಂಗಡಿಯ ಲಾಭವೆಲ್ಲ ಅದಕ್ಕೇ ಸರಿಹೋಗುತ್ತಿತ್ತು.

ಮೊದಲೇ ಒಂದು ತೀರ್ಮಾನ ಮಾಡಿಕೊಂಡೆ. ಎಂಥ ಗಾಡಿ ಸಿಕ್ಕರೂ 1,80,000 ದಾಟಬಾರದು, ಉಳಿದ 30,000 ಮುಟ್ಟಬಾರದು. ಹಳೆ ಗಾಡಿ ಮನೆಗೆ ಬಂದ ಮೇಲೆ ಖರ್ಚು ಕೇಳಿಯೇ ಕೇಳುತ್ತೆ. ಅದಕ್ಕೂ ದುಡ್ಡಿಲ್ಲ ಅಂದ್ರೆ ಗಾಡಿ ಮನೆ ಮುಂದೆ ನಿಂತು ಕೋಳಿ ಗೂಡಾಗುತ್ತೆ, ನಮ್ಮ ಓಣಿಯಲ್ಲೇ ಅಂಥದ್ದೊಂದು ಇದೆ.

ಡೀಸೆಲ್ ತಗೋ ಅಂತ ಎಲ್ಲರೂ ಹೇಳಿದರು. ನನ್ನ ಓಡಾಟ ತಿಂಗಳಿಗೆ ಐನೂರು ಆರುನೂರು ಕಿಲೋಮೀಟರ್. ಅಷ್ಟಕ್ಕೆ ಡೀಸೆಲ್ ಗಾಡಿ ಯಾಕೆ? ಒಂದು ಸಲ ಇಂಜೆಕ್ಟರ್ ಕೈಕೊಟ್ಟರೆ ಉಳಿಸಿದ್ದೆಲ್ಲ ಹೋಯ್ತು. ಆಲ್ಟೋ, ವ್ಯಾಗನಾರ್, ಸ್ಯಾಂಟ್ರೋ, ಈ ಮೂರರಲ್ಲೇ ಹುಡುಕೋಣ ಅಂದುಕೊಂಡೆ. ಇವುಗಳ ಸಾಮಾನು ನಮ್ಮೂರಲ್ಲೇ ಸಿಗುತ್ತೆ, ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಮೇಸ್ತ್ರಿಗಳೂ ಇದ್ದಾರೆ.

ಒಬ್ಬ ಮೇಸ್ತ್ರಿಯನ್ನು ಪ್ರತಿ ಸಲ ಜೊತೆಗೆ ಕರೆದುಕೊಂಡು ಹೋದೆ. ಒಂದು ಗಾಡಿ ನೋಡಲು 500 ರೂಪಾಯಿ, ಮೇಲೆ ಒಗ್ಗರಣೆ ಮಿರ್ಚಿ. ನಾನು ಮಾಡಿದ ಖರ್ಚಿನಲ್ಲಿ ಇದರಷ್ಟು ಲಾಭ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಮೊದಲು ನೋಡಿದ್ದು ಬಳ್ಳಾರಿಯಲ್ಲಿ ಒಂದು ಆಲ್ಟೋ. ಕೆಎ 34, 2011ರ ಮಾಡಲ್, ಕೇಳಿದ್ದು 1,45,000. ಪಾಲಿಶ್ ಹೊಡೆದು, ಟೈರಿಗೆ ಕಪ್ಪು ಬಳಿದು ಮದುವೆ ಗಂಡಿನ ಹಾಗೆ ನಿಲ್ಲಿಸಿದ್ದರು. ಮೀಟರ್‌ನಲ್ಲಿ 62,000. "ಅಣ್ಣಾ, ಗಾಡಿ ಬಂಗಾರ ಐತ್ರಿ, ಸಿಂಗಲ್ ಹ್ಯಾಂಡ್" ಅಂದ ಏಜೆಂಟ್. ನನಗಂತೂ ಅಲ್ಲೇ ಮನಸ್ಸು ಕರಗಿತ್ತು. ಮೇಸ್ತ್ರಿ ಬಾನೆಟ್ ಕಡೆ ಹೋಗಲೇ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಬೆಲ್ಟನ್ನು ಮೆಲ್ಲಗೆ ಎಳೆಯುತ್ತಾ ಹೋದ. ನಾವು ಹಾಕಿಕೊಳ್ಳುವಷ್ಟು ಉದ್ದ ತೊಳೆದು ಬೂದುಬಣ್ಣಕ್ಕಿತ್ತು. ಇನ್ನೂ ಎಳೆದ. ಕೊನೆಯ ಒಂದು ಗೇಣು, ಒಳಗೆ ಸುತ್ತಿಕೊಂಡೇ ಇರುವ ಭಾಗ, ಇಟ್ಟಿಗೆ ಕೆಂಪು. ಬೆರಳಲ್ಲಿ ಉಜ್ಜಿ ನನಗೆ ತೋರಿಸಿದ, ಕುಂಕುಮದ ಹಾಗೆ ಅಂಟಿತ್ತು. ಸೀಟು ಹಿಂದೆಮುಂದೆ ಜಾರುವ ಹಳಿಯ ಸಂದಿಯಲ್ಲೂ ಅದೇ.

"ಇದು ಸಂಡೂರು ಕಡೆ ಅದಿರಿನ ದಾರ್ಯಾಗ ಓಡಿದ ಗಾಡಿ. ಅಲ್ಲಿ ಏರ್ ಫಿಲ್ಟರ್ ಸರಿಯಾಗಿ ಬದಲಿಸಿಲ್ಲ ಅಂದ್ರ ಧೂಳು ಇಂಜಿನ್ ಒಳಗ ಹೋಗಿ ಪಿಸ್ಟನ್ ರಿಂಗ್ ತಿಂದಿರತೈತಿ. ಸ್ಟಾರ್ಟ್ ಮಾಡ್ರಿ ನೋಡೋಣ" ಅಂದ. ಸ್ಟಾರ್ಟ್ ಮಾಡಿ ಎರಡು ಸಲ ಜೋರಾಗಿ ರೇಸ್ ಕೊಟ್ಟಾಗ ಹಿಂದೆ ನೀಲಿ ಹೊಗೆ. ನೀಲಿ ಅಂದ್ರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಅಂತ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು, 62,000ಕ್ಕೆ ಹಾಗೆ ಸವೆಯಲ್ಲ. ಮೀಟರ್ ಹಿಂದಕ್ಕೆ ತಿರುಗಿಸಬಹುದು, ಪೆಡಲ್ ರಬ್ಬರ್ ತಿರುಗಿಸಲು ಆಗಲ್ಲ ಅಲ್ವಾ?

ಅವತ್ತಿನಿಂದ ನಾನು ಗಾಡಿ ಎಷ್ಟು ಓಡಿದೆ ಅಂತ ಕೇಳುವುದಕ್ಕಿಂತ ಎಲ್ಲಿ ಓಡಿದೆ ಅಂತ ಹುಡುಕಲು ಶುರು ಮಾಡಿದೆ. ನಮ್ಮ ಕಡೆ ಪ್ರತಿ ಊರೂ ಗಾಡಿ ಮೇಲೆ ತನ್ನ ಗುರುತು ಬಿಡುತ್ತೆ. ಅದಿರಿನ ಕಡೆ ಕೆಂಪು ಧೂಳು. ಗದ್ದೆ ಸೀಮೆಯಲ್ಲಿ ಕೆಸರು. ರಾಯಚೂರಿನ ಬಿಸಿಲಿಗೆ ರಬ್ಬರ್ ಪೈಪೆಲ್ಲ ಒಣಗಿ ಬಿರುಕು ಬಿಟ್ಟಿರುತ್ತೆ.

ಎರಡನೆಯದು ಅನಂತಪುರದ ಎಪಿ 02 ಸ್ಯಾಂಟ್ರೋ, ಬರೀ 1,20,000. ಆಸೆ ಆಯ್ತು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದ್ರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತರಬೇಕು, ಕರ್ನಾಟಕದ ರಸ್ತೆ ತೆರಿಗೆ ಹೊಸದಾಗಿ ಕಟ್ಟಬೇಕು, ನಂಬರ್ ಬದಲಾಗಬೇಕು. ಅದನ್ನೆಲ್ಲ ಕೂಡಿದರೆ ಅಗ್ಗ ಅನ್ನುವುದು ಎಲ್ಲಿ ಉಳಿಯುತ್ತೆ? ಹಾಗೇ ಓಡಿಸ್ತಾರಣ್ಣ ಎಲ್ಲರೂ ಅಂತ ಏಜೆಂಟ್ ಹೇಳಿದ. ಓಡಿಸ್ತಾರೆ, ಸಿಕ್ಕಿಬೀಳ್ತಾರೆ ಕೂಡ.

ಮೂರನೆಯದಕ್ಕೆ ಸಿಂಧನೂರಿಗೆ ಹೋದೆವು. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದ್ದೆ. ಬೆಳಿಗ್ಗೆ ಏಳೂವರೆಗೆ ಬಾನೆಟ್ ಮೇಲೆ ಕೈ ಇಟ್ಟರೆ ರೊಟ್ಟಿ ಹಂಚು. ಚಹಾ ಕುಡಿದು ವಾಪಸ್ ಬಂದೆವು. ತಣ್ಣಗಿರುವ ಇಂಜಿನ್ ಮಾತ್ರ ನಿಜ ಹೇಳುತ್ತೆ, ಬಿಸಿ ಮಾಡಿ ಇಟ್ಟವನಿಗೆ ಮುಚ್ಚಿಡಲು ಏನೋ ಇದೆ ಅಂತಲೇ ಅರ್ಥ.

ನಾಲ್ಕನೆಯದು ಕೊಪ್ಪಳದಲ್ಲಿ ಸಿಕ್ಕಿತು. 2012ರ ವ್ಯಾಗನಾರ್, ನಿವೃತ್ತ ಸರ್ಕಾರಿ ನೌಕರರೊಬ್ಬರದು, ಕೇಳಿದ್ದು 2,05,000. ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು, ವೈಪರ್ ಬುಡದಲ್ಲಿ ಒಣಗಿದ ಬೇವಿನ ಎಲೆ ತುಂಬಿತ್ತು. ತೊಳೆದೇ ಇರಲಿಲ್ಲ. ನನಗೆ ಅದೇ ಇಷ್ಟವಾಯಿತು. ಸೀಟ್ ಬೆಲ್ಟ್ ಕೊನೆತನಕ ಒಂದೇ ಬಣ್ಣ. ಬಾನೆಟ್ ಬೋಲ್ಟುಗಳ ಮೇಲಿನ ಕಂಪನಿ ಪೇಂಟ್‌ಗೆ ಸ್ಪ್ಯಾನರ್ ತಾಗಿರಲಿಲ್ಲ. ಬಾಗಿಲಿನ ರಬ್ಬರ್ ಕಿತ್ತು ನೋಡಿದರೆ ಒಳಗೆ ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ ಹಾಗೇ ಇದ್ದವು, ಅಂದ್ರೆ ಗುದ್ದಿಸಿ ರಿಪೇರಿ ಮಾಡಿದ ಗಾಡಿ ಅಲ್ಲ. ಹಿಂದಿನ ಎಡ ಬಾಗಿಲು ಮಾತ್ರ ಬಣ್ಣ ಹೊಡೆದದ್ದು. ಕೇಳುವ ಮೊದಲೇ ಅವರೇ ಹೇಳಿದರು, ಗೇಟಿಗೆ ಉಜ್ಜಿತ್ತಂತೆ. ಮೀಟರ್ 71,000, ಪ್ಲಾಸ್ಟಿಕ್ ಕವರಿನಲ್ಲಿದ್ದ ಸರ್ವಿಸ್ ಬಿಲ್ಲುಗಳಿಗೆ ತಾಳೆಯಾಯಿತು. ಇದರ 998 ಸಿಸಿ ಇಂಜಿನ್ನಿಗೆ, ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಚೈನ್ ಇರುತ್ತೆ. ಸ್ಯಾಂಟ್ರೋ, ಹಳೆ ಆಲ್ಟೋಗಳಲ್ಲಿ ಚೈನ್ ಬದಲು ರಬ್ಬರ್ ಬೆಲ್ಟ್ ಇರುತ್ತೆ, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಆ ತಲೆನೋವೂ ಇಲ್ಲಿಲ್ಲ.

ಗಿಣಿಗೇರಿ ಕಡೆ ಹೈವೇಯಲ್ಲಿ ಓಡಿಸಿದೆ. ಎಂಬತ್ತರಲ್ಲಿ ಸ್ಟೇರಿಂಗ್ ಒಂದು ಕ್ಷಣ ಸಡಿಲ ಬಿಟ್ಟರೂ ನೇರ ಹೋಯಿತು. ಕ್ಲಚ್ ತೀರಾ ಮೇಲೆ ಹಿಡಿಯುತ್ತಿತ್ತು, ಅಂದ್ರೆ ಸವೆದಿದೆ ಅಂತ. ಟೈರಿನ ಪಕ್ಕದಲ್ಲಿ 1816 ಅಂತ ಇತ್ತು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ, ಅಂದ್ರೆ 2016ರ ಹದಿನೆಂಟನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿತ್ತು. ಕ್ಲಚ್, ಟೈರ್ ಎರಡರ ಲೆಕ್ಕ ಚೀಟಿಯಲ್ಲಿ ಬರೆದು ಅವರ ಮುಂದೆ ಇಟ್ಟೆ. ಸುಮ್ನೆ ಕಮ್ಮಿ ಮಾಡಿ ಅಂತ ಕೇಳಿದ್ದರೆ ಐದು ಸಾವಿರ ಬಿಡುತ್ತಿದ್ದರೇನೋ. 1,72,000ಕ್ಕೆ ಒಪ್ಪಿದರು.

ಆಮೇಲೆ ಒಂದು ಎಡವಟ್ಟು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆರ್‌ಸಿ, ಅಂದ್ರೆ ನೋಂದಣಿ ಪತ್ರದ ಮೇಲೆ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿ ವರ್ಷಗಳೇ ಆಗಿದ್ದವು, ಪಾಪ ಅವರಿಗೆ ಅದನ್ನು ತೆಗೆಸಬೇಕು ಅಂತಲೇ ಗೊತ್ತಿರಲಿಲ್ಲ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. 10,000 ಮುಂಗಡ ಕೊಟ್ಟು ಒಂದು ಕಾಗದ ಬರೆಸಿಕೊಂಡೆ, ಹೆಸರು ಹೋಗುವ ತನಕ ಉಳಿದ ದುಡ್ಡು ಇಲ್ಲ ಅಂದೆ. ಬ್ಯಾಂಕಿಗೆ ಅವರು ಮೂರು ಸಲ ಅಲೆದರು, ಮೂರು ವಾರ ಹೋಯಿತು. ನನಗೂ ಮುಜುಗರ ಆಯಿತು, ಆದರೂ ಪಟ್ಟು ಬಿಡಲಿಲ್ಲ. ಆಮೇಲೆ ಗಾಡಿ ನನ್ನ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಸಹಿ. ಗಾಡಿ ಕೊಪ್ಪಳದ ಕೆಎ 37, ನಾನೂ ಅದೇ ಜಿಲ್ಲೆ, ಹಾಗಾಗಿ ಆರ್‌ಟಿಒ ಎನ್‌ಒಸಿ ಬೇಕಾಗಲಿಲ್ಲ.

ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಆಗಬೇಕು. ಹಳೆ ಮಾಲೀಕರಿಗೆ ಸಿಗುತ್ತಿದ್ದ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದದ್ದಕ್ಕೆ ಕೊಡುವ ರಿಯಾಯಿತಿ, ನಮಗೆ ಬರಲ್ಲ, ಅದು ಮನುಷ್ಯನದು, ಗಾಡಿಯದಲ್ಲ. ಆ ವ್ಯತ್ಯಾಸ ನಾವೇ ಕಟ್ಟಬೇಕು.

ಟೈರಿಗೆ 13,400, ಕ್ಲಚ್‌ಗೆ 6,800, ಆಯಿಲ್, ಫಿಲ್ಟರ್, ಕೂಲೆಂಟ್‌ಗೆ 2,900. ಎತ್ತಿಟ್ಟ ದುಡ್ಡು ಅದಕ್ಕೇ ಇತ್ತು, ಬೇಸರ ಆಗಲಿಲ್ಲ.

ಬೇಸರ ಆದದ್ದು ಏಪ್ರಿಲ್‌ನಲ್ಲಿ. ಡಿಸೆಂಬರ್‌ನಲ್ಲಿ ಪರೀಕ್ಷೆ ಮಾಡಿದಾಗ ಎಸಿ ಚೆನ್ನಾಗಿಯೇ ಇತ್ತು. ಚಳಿಗಾಲದಲ್ಲಿ ಯಾವ ಗಾಡಿಯ ಎಸಿ ತಾನೇ ತಂಪಾಗಿರಲ್ಲ? ಮಧ್ಯಾಹ್ನ ಎರಡು ಗಂಟೆಗೆ ಬಳ್ಳಾರಿಯಿಂದ ವಾಪಸ್ ಬರುವಾಗ, ಕುರುಗೋಡು ದಾಟುವ ಹೊತ್ತಿಗೆ ಬಿಸಿಗಾಳಿ ಬರಲು ಶುರುವಾಯಿತು. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಇದಕ್ಕಿಂತ ಬಸ್ಸೇ ಚಲೋ ಇತ್ತಲ್ಲೋ" ಅಂದಳು. ಕಂಡೆನ್ಸರ್ ಸೋರುತ್ತಿತ್ತು, 7,800 ಹೋಯಿತು.

ಈಗ ಮೀಟರ್ 90,000 ದಾಟಿದೆ. ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ. 2027ಕ್ಕೆ ಆರ್‌ಸಿಯ ಹದಿನೈದು ವರ್ಷ ಮುಗಿಯುತ್ತೆ. ಮುಂದುವರಿಸುವ ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಿಂದ 5,000 ಆಗಿದೆ. ಕಟ್ಟಬೇಕೋ ಮಾರಬೇಕೋ ಅಂತ ಮೇಸ್ತ್ರಿಯನ್ನು ಕೇಳಿದೆ. ತಳ ತುಕ್ಕು ಹಿಡಿದಿದೆಯಾ ನೋಡಿ ಹೇಳ್ತೀನಿ ಅಂದ. ಫೀಸು ಅದೇ, 500 ಮತ್ತು ಮಿರ್ಚಿ.