ಪುಟ್ಟ ದ್ವೀಪಕ್ಕೆ ಮನೆ ಬದಲಿಸುವವರಿಗೆ: ನೀರು, ಉಪ್ಪುಗಾಳಿ, ದೋಣಿಯ ಲೆಕ್ಕ

ಮಹಾನಗರ ಬಿಟ್ಟು ಉಷ್ಣವಲಯದ ಸಣ್ಣ ದ್ವೀಪದಲ್ಲಿ ನೆಲೆಸುವ ಆಸೆ ಇದ್ದರೆ ಮೊದಲು ಅಲ್ಲಿ ಬಾಡಿಗೆಗೆ ಇದ್ದು ನೋಡಿ. ಅದೂ ಕಡಲು ಒರಟಾಗಿರುವ ತಿಂಗಳುಗಳಲ್ಲಿ. ದೋಣಿ ನಿಂತುಹೋಗುವ, ಕರೆಂಟು ಕೈಕೊಡುವ ಕಾಲ ಅದು. ಆ ಮೂರು ತಿಂಗಳು ನೆಮ್ಮದಿಯಾಗಿ ಕಳೆದರೆ ಉಳಿದ ಒಂಬತ್ತು ಕಷ್ಟವಾಗುವುದಿಲ್ಲ. ಹಲವು ದ್ವೀಪಗಳಲ್ಲಿ ಹೊರಗಿನವರಿಗೆ ಜಮೀನು ಮಾರುವಂತಿಲ್ಲ, ಗುತ್ತಿಗೆ ಮಾತ್ರ. ಹಾಗಾಗಿ ಮುಂಗಡ ಕೊಡುವ ಮೊದಲೇ ವಾಸದ ಪರವಾನಗಿ ಮತ್ತು ಜಮೀನಿನ ಕಾನೂನು ತಿಳಿದುಕೊಳ್ಳಿ.

ಮನೆ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ಬೇಸಿಗೆಯ ಕೊನೆಯಲ್ಲಿ ನೀರು ಎಲ್ಲಿಂದ? ಹವಳ, ಮರಳಿನ ದ್ವೀಪದಲ್ಲಿ ಹೊಳೆ ಇರುವುದಿಲ್ಲ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಅದರ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಸಿಹಿನೀರು ಸಮುದ್ರಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅದರ ಸುಮಾರು 40 ಪಟ್ಟು ಕೆಳಗಿರುತ್ತದೆ ಎನ್ನುವುದು ಲೆಕ್ಕ. ಅಂದರೆ ದೊಡ್ಡ ಮೋಟರ್ ಹಾಕಿ ಮಟ್ಟವನ್ನು 5 ಸೆಂ.ಮೀ. ಇಳಿಸಿದರೂ ಅಡಿಯ ಉಪ್ಪುನೀರು 2 ಮೀಟರ್ ಮೇಲೇರಬಹುದು. ಒಮ್ಮೆ ಉಪ್ಪು ಬಂದ ಬಾವಿ ಸರಿಹೋಗಲು ಒಳ್ಳೆಯ ಮಳೆಗಾಲವೇ ಬೇಕು. ಕೊಡದಲ್ಲಿ ಸೇದಿ, ಅಥವಾ ಸಣ್ಣ ಪಂಪಿನಲ್ಲಿ ನಿಧಾನವಾಗಿ ಎತ್ತಿ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಜೊತೆಗಿರಲಿ: ಲೀಟರಿಗೆ 600 ಮಿ.ಗ್ರಾಂ. ಒಳಗಿದ್ದರೆ ರುಚಿ ಚೆನ್ನ, 1000 ದಾಟಿದರೆ ಬಾಯಿಗೆ ಒಗ್ಗುವುದಿಲ್ಲ. ಮರಳು ಕೊಳಕನ್ನು ಸೋಸುವುದು ಕಡಿಮೆ, ಆದ್ದರಿಂದ ಶೌಚದ ಗುಂಡಿ ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ.

ನಿಜವಾದ ಆಸರೆ ಚಾವಣಿಯ ನೀರು. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 60 ಚದರ ಮೀಟರ್ ತಗಡಿನ ಮೇಲೆ 10 ಮಿ.ಮೀ. ಸುರಿದರೆ 600 ಲೀಟರ್. ಸಿಡಿದು, ಆವಿಯಾಗಿ, ದಂಬೆಯಿಂದ ಹೊರಚೆಲ್ಲಿ ಕೈಗೆ ಬರುವುದು ಸುಮಾರು 480. ಇಬ್ಬರು ದಿನಕ್ಕೆ ತಲಾ 50 ಲೀಟರ್ ಬಳಸಿದರೆ 90 ದಿನಗಳ ಒಣಗಾಲಕ್ಕೆ 9,000 ಲೀಟರ್ ಬೇಕು. ಒಂದೇ ದೊಡ್ಡ ಟ್ಯಾಂಕ್ ಬೇಡ, 5,000 ಲೀಟರಿನ ಎರಡು ಇಡಿ. ಒಂದು ಸೀಳಿದರೆ ಅಥವಾ ಅದರೊಳಗೆ ಇಲಿ ಬಿದ್ದರೆ ಇನ್ನೊಂದು ಕಾಯುತ್ತದೆ. ಮೊದಲ ಮಳೆ ಹಕ್ಕಿಯ ಹಿಕ್ಕೆ, ಉಪ್ಪು, ಎಲೆ ಎಲ್ಲವನ್ನೂ ತೊಳೆದು ತರುತ್ತದೆ. ಅದರ 50-60 ಲೀಟರನ್ನು ಬೇರೆ ಕೊಳವೆಗೆ ತಿರುಗಿಸಿ ಹೊರಬಿಡಿ. ಕೊಳವೆಯ ಬಾಯಿಗೆಲ್ಲ ಸಣ್ಣ ಕಣ್ಣಿನ ಜಾಲರಿ ಕಟ್ಟಲೇಬೇಕು, ಇಲ್ಲದಿದ್ದರೆ ಹತ್ತೇ ದಿನದಲ್ಲಿ ಟ್ಯಾಂಕು ಸೊಳ್ಳೆಯ ತವರಾಗುತ್ತದೆ. ಕುಡಿಯುವ ನೀರನ್ನು ಕುದಿಸಿ.

ಉಪ್ಪುಗಾಳಿ ಸದ್ದಿಲ್ಲದೆ ಮನೆ ತಿನ್ನುತ್ತದೆ. ನಗರದಲ್ಲಿ ಹೊಳೆಯುತ್ತಿದ್ದ 304 ದರ್ಜೆಯ ಸ್ಟೀಲ್ ತಿರುಪು ಇಲ್ಲಿ ಕೆಲವೇ ತಿಂಗಳಲ್ಲಿ ಚಹಾ ಬಣ್ಣದ ಕಲೆ ಹಿಡಿಯುತ್ತದೆ. ಮಾಲಿಬ್ಡಿನಂ ಬೆರೆತ 316 ದರ್ಜೆಯದನ್ನೇ ಕೊಳ್ಳಿ. ಬೆಲೆ ಹೆಚ್ಚು, ಆದರೂ ಅದೇ ಅಗ್ಗ. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ನೇರವಾಗಿ ತಾಗಿದರೆ ಬೋಲ್ಟ್ ಉಳಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಆದ್ದರಿಂದ ನಡುವೆ ನೈಲಾನ್ ವಾಷರ್ ಹಾಕಿ. ಸೌರಫಲಕದ ಚೌಕಟ್ಟಿನಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಬ್ಯಾಟರಿಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ. ಲೆಡ್ ಆಸಿಡ್ ಬ್ಯಾಟರಿಯ ಆಯುಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ದಿನಸಿಯ ಲೆಕ್ಕ ಸುಲಭ: ದೋಣಿ ಎರಡು ವಾರಕ್ಕೊಮ್ಮೆ ಬರುವುದಾದರೆ ಆರು ವಾರಕ್ಕಾಗುವಷ್ಟು ಸಾಮಾನು ಇರಲಿ. ಅಕ್ಕಿ, ಬೇಳೆ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ. ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಮೂರು ತಿಂಗಳಿಗೆ.

ಹವಳದ ಗೀರನ್ನು ಹಗುರವಾಗಿ ಕಾಣಬೇಡಿ. ಕೂಡಲೇ ಸಿಹಿನೀರು, ಸೋಪಿನಲ್ಲಿ ಉಜ್ಜಿ ಚೂರುಗಳನ್ನು ತೆಗೆಯಿರಿ, ಇಲ್ಲದಿದ್ದರೆ ಕೀವು ಕಟ್ಟಿ ವಾರಗಟ್ಟಲೆ ಮಾಯುವುದಿಲ್ಲ. ಇನ್ನು ಮೀನು. ಹವಳದಿಬ್ಬದ ದೊಡ್ಡ ಬೇಟೆಮೀನುಗಳಲ್ಲಿ, ಮುಖ್ಯವಾಗಿ ಬರಕುಡಾ ಮತ್ತು ಮೊರೆ ಹಾವುಮೀನಿನಲ್ಲಿ, ಸಿಗ್ವಟೆರಾ ಎಂಬ ಕಾಯಿಲೆ ತರುವ ವಿಷ ಸೇರಿರಬಹುದು. ಬೇಯಿಸಿದರೂ ಹುರಿದರೂ ಅದು ಹೋಗದು. ಬಣ್ಣ, ವಾಸನೆಯಲ್ಲೂ ಗೊತ್ತಾಗದು. ಯಾವ ದಿಬ್ಬದ ಯಾವ ಮೀನು ತಿನ್ನಬಾರದು ಎಂಬುದು ಅಲ್ಲಿಯ ಬೆಸ್ತರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿಯೇ ಒಲೆಯ ಮೇಲಿಡಿ. ತಿಂದ ಮೇಲೆ ವಾಂತಿ ಭೇದಿಯ ಜೊತೆ ತುಟಿ ಜುಮ್ಮೆಂದು, ತಣ್ಣೀರು ಮುಟ್ಟಿದರೆ ಸುಟ್ಟಂತಾದರೆ ತಡಮಾಡದೆ ಆಸ್ಪತ್ರೆಯಿರುವ ದಡಕ್ಕೆ ಹೊರಡಿ.