ಸುಣ್ಣದ ಗೆರೆಯಾಚೆ ಕೂತು ತೆಗೆದ ಫೋಟೊಗಳು

ಮಗಳು ಎಂಟನೇ ಕ್ಲಾಸಿಗೆ ಬಂದಾಗ ಶಾಲೆಯ ಖೊ ಖೊ ತಂಡಕ್ಕೆ ಸೇರಿದಳು. ನಾನು ಕ್ಯಾಮೆರಾ ಹಿಡಿದು ತುಮಕೂರಿನ ಮೈದಾನ ಸುತ್ತಲು ಶುರು ಮಾಡಿದ್ದು ಅವಳಿಂದಲೇ. ಮೊದಲ ಪಂದ್ಯದ ದಿನ ತಮ್ಮನ ಹಳೇ ಕ್ಯಾನನ್ ಕ್ಯಾಮೆರಾ ಇಸಕೊಂಡು ಹೋಗಿದ್ದೆ. ಒಂದು ಗಂಟೆಯಲ್ಲಿ ನಾನೂರಕ್ಕೂ ಜಾಸ್ತಿ ಫೋಟೊ ತೆಗೆದೆ. ರಾತ್ರಿ ಮನೆಯಲ್ಲಿ ಕೂತು ನೋಡಿದರೆ ಮಗಳ ಬೆನ್ನಿದೆ, ಜಡೆಯಿದೆ, ಅರ್ಧ ಕಾಲಿದೆ. ಮುಖ ಒಂದರಲ್ಲೂ ನೆಟ್ಟಗೆ ಬಂದಿಲ್ಲ. "ಅಮ್ಮಾ, ನಾನು ಇಬ್ಬರನ್ನ ಔಟ್ ಮಾಡಿದ್ನಲ್ಲ, ಅದೆಲ್ಲಿ?" ಅಂತ ಕೇಳಿದಳು. ಆ ಎರಡೂ ಇರಲಿಲ್ಲ. ಅವಳು ಸುಮ್ಮನೆ ಎದ್ದು ಹೋದಳು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಅವಳು ಡಿಗ್ರಿ ಓದುತ್ತಿದ್ದಾಳೆ. ನನ್ನ ಭಾನುವಾರಗಳು ಮಾತ್ರ ಇನ್ನೂ ಮೈದಾನದಲ್ಲೇ ಕಳೆಯುತ್ತವೆ. ನಾನು ಪತ್ರಿಕೆಯವಳಲ್ಲ, ಕೊರಳಲ್ಲಿ ಪಾಸ್ ಇಲ್ಲ, ಉದ್ದನೆಯ ಬಿಳಿ ಲೆನ್ಸ್ ಇಲ್ಲ. ಎಲ್ಲರ ಜೊತೆ ಗೆರೆಯಾಚೆ ನಿಂತು ಪಂದ್ಯ ನೋಡುವವಳು. ಹಾಗೆ ನೋಡುತ್ತಲೇ ಒಳ್ಳೆಯ ಫೋಟೊ ತೆಗೆಯಬಹುದು ಅನ್ನುವುದು ನನಗೆ ನಿಧಾನವಾಗಿ ಗೊತ್ತಾಯಿತು. ಹೇಗೆ ಅನ್ನುವುದನ್ನು ಹೇಳುತ್ತೇನೆ.

ಆ ಮೊದಲ ಸೋಲಿನ ನಂತರ ಮಗಳ ಮುಂದಿನ ಪಂದ್ಯಕ್ಕೆ ಕ್ಯಾಮೆರಾ ಒಯ್ಯಲಿಲ್ಲ. ಬರೀ ನೋಡಿದೆ. ಪಕ್ಕದಲ್ಲಿ ಇನ್ನೊಂದು ಶಾಲೆಯ ಪಿ.ಟಿ. ಮೇಷ್ಟ್ರು ನಿಂತಿದ್ದರು. ಅವರು ಪ್ರತಿ ಸಲ ಔಟ್ ಆಗುವ ಒಂದು ಕ್ಷಣ ಮೊದಲೇ "ಹೋಯ್ತು, ಹೋಯ್ತು" ಅನ್ನುತ್ತಿದ್ದರು. "ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ ಸರ್?" ಅಂತ ಕೇಳಿದೆ. "ಓಡೋರನ್ನ ನೋಡಬೇಡಿ ಮೇಡಂ, ಅಟ್ಟಿಸಿಕೊಂಡು ಹೋಗೋರ ಭುಜ ನೋಡಿ" ಅಂದರು. ನನ್ನ ಫೋಟೊಗಳು ಬದಲಾಗಿದ್ದು ಆ ಒಂದು ಮಾತಿನಿಂದ.

ಖೊ ಖೊ ನೋಡಲು ಗಲಿಬಿಲಿ ಅನಿಸುತ್ತದೆ. ಆದರೆ ಒಂದು ನಿಯಮ ತಿಳಿದರೆ ಅರ್ಧ ಗಲಿಬಿಲಿ ಕರಗುತ್ತದೆ. ಖೊ ಸಿಕ್ಕಿ ಎದ್ದ ಹುಡುಗಿ ಒಂದು ಸಲ ಒಂದು ಕಂಬದ ಕಡೆ ತಿರುಗಿದಳೋ, ಆ ಕಂಬದ ಗೆರೆ ಮುಟ್ಟುವ ತನಕ ವಾಪಸ್ ತಿರುಗುವಂತಿಲ್ಲ. ಕೂತವರ ಸಾಲಿನ ಮಧ್ಯೆ ನುಗ್ಗುವಂತೆಯೂ ಇಲ್ಲ. ತಪ್ಪಿಸಿಕೊಳ್ಳುವವಳು ಹೇಗೆ ಬೇಕಾದರೂ ಓಡಬಹುದು, ಹಿಡಿಯುವವಳು ಹಾಗಲ್ಲ. ಅಂದಮೇಲೆ ಕ್ಯಾಮೆರಾ ಯಾರ ಕಡೆ ಇರಬೇಕು? ದಾರಿ ಮೊದಲೇ ಗೊತ್ತಿರುವವಳ ಕಡೆ. ನಾನು ಮೊದಲ ದಿನ ಮಾಡಿದ ತಪ್ಪು ಅದೇ. ಎತ್ತ ತಿರುಗುತ್ತಾಳೋ ಯಾರಿಗೂ ಗೊತ್ತಾಗದ ಓಟಗಾರ್ತಿಯ ಹಿಂದೆ ಲೆನ್ಸ್ ತಿರುಗಿಸುತ್ತಾ ಇದ್ದೆ.

ಇನ್ನು ಜಾಗ. ದೊಡ್ಡವರ ಖೊ ಖೊ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎಲ್ಲ ಕಡೆ ಓಡಾಡಿ ತೆಗೆಯುತ್ತೇನೆ ಅಂದರೆ ಆಗದು. ನಾನು ಒಂದು ಕಂಬ ಆರಿಸಿಕೊಳ್ಳುತ್ತೇನೆ. ಅದರ ಹಿಂದೆ, ಸ್ವಲ್ಪ ಓರೆಗೆ, ಆಟಗಾರರು ಓಡಿ ಬರುವ ಜಾಗ ಬಿಟ್ಟು ನೆಲದ ಮೇಲೆ ಕೂರುತ್ತೇನೆ. ಓಟಗಾರ್ತಿ ಕಂಬ ಬಳಸಿ ತಪ್ಪಿಸಿಕೊಳ್ಳಲು ಬಂದೇ ಬರುತ್ತಾಳೆ. ಹಿಡಿಯುವವಳು ಒಂದು ಕೈಯಲ್ಲಿ ಕಂಬ ಹಿಡಿದು ಇಡೀ ಮೈ ಚಾಚಿ ಹಾರುತ್ತಾಳೆ. ಅದಕ್ಕೆ ಪೋಲ್ ಡೈವ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಇಬ್ಬರ ಮುಖವೂ ಕಾಣುತ್ತದೆ, ಕಾಲ ಕೆಳಗಿನಿಂದ ಮಣ್ಣು ಏಳುವುದೂ ಕಾಣುತ್ತದೆ. ಕಂಬದ ಮೇಲೆ ಮೊದಲೇ ಫೋಕಸ್ ಮಾಡಿ ಇಟ್ಟಿರುತ್ತೇನೆ. ಕೈ ಕಂಬಕ್ಕೆ ತಾಗುವ ಮುಂಚೆಯೇ ಬಟನ್ ಒತ್ತುತ್ತೇನೆ. ತಾಗಿದ್ದು ಕಣ್ಣಿಗೆ ಕಂಡಮೇಲೆ ಒತ್ತಿದರೆ ಆಗಲೇ ತಡವಾಗಿರುತ್ತದೆ.

ಕೂತು ತೆಗೆಯುವುದು ದೊಡ್ಡ ವಿಷಯ. ನಿಂತು ತೆಗೆದರೆ ಹಿಂದೆ ಬರೀ ನೆಲ ಬರುತ್ತದೆ, ಆಟಗಾರರು ಕುಳ್ಳಗೆ ಕಾಣುತ್ತಾರೆ. ಕೂತರೆ ಅವರು ಆಕಾಶಕ್ಕೆ ಎದ್ದ ಹಾಗಿರುತ್ತಾರೆ. ನಾನು ಹಳೇ ಗೋಣಿಚೀಲ ಒಂದನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತೇನೆ.

ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗಲಿನ ಆಟಕ್ಕೆ ಶಟರ್ ಸ್ಪೀಡ್, ಅಂದರೆ ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತು, 1/1000 ಸೆಕೆಂಡ್ ಇಟ್ಟು, ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಓ ಆಟೋದಲ್ಲಿ ಬಿಡುತ್ತೇನೆ. ಕಂಬ ಬಿಟ್ಟು ಬೇರೆ ಕಡೆ ತೆಗೆಯುವಾಗ ಫೋಕಸ್ ಓಡುವವರನ್ನು ಹಿಂಬಾಲಿಸುವ ಮೋಡ್‌ನಲ್ಲಿರಬೇಕು. ಕ್ಯಾನನ್‌ನಲ್ಲಿ ಅದಕ್ಕೆ ಎಐ ಸರ್ವೋ ಅಂತ ಹೆಸರು. ಲೆನ್ಸ್ 55-250 ಎಂಎಂ ಜೂಮ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಬಿಳಿ ಸಮವಸ್ತ್ರದವರು ಉರಿ ಬಿಸಿಲಲ್ಲಿ ಆಡುವಾಗ ಮುಖ ಕಪ್ಪಾಗುತ್ತದೆ. ಆಗ ಬೆಳಕನ್ನು ಒಂದು ಹಂತ ಮೇಲೇರಿಸುತ್ತೇನೆ. ಒಂದು ಪಾಠ ಮಾತ್ರ ಕಷ್ಟಪಟ್ಟು ಕಲಿತೆ. ಮೊದಲು ರಾ ಅನ್ನುವ ದೊಡ್ಡ ಗಾತ್ರದ ಫೈಲ್‌ನಲ್ಲಿ ತೆಗೆಯುತ್ತಿದ್ದೆ. ಸತತವಾಗಿ ಕೆಲವು ಫೋಟೊ ಹೊಡೆಯುವಷ್ಟರಲ್ಲಿ ಕ್ಯಾಮೆರಾದ ಒಳಗಿನ ಜಾಗ ತುಂಬಿ, ಅದು ಕಾರ್ಡಿಗೆ ಬರೆದುಕೊಳ್ಳುತ್ತಾ ನಿಂತುಬಿಡುತ್ತಿತ್ತು. ಮಗಳ ಜಿಲ್ಲಾ ಮಟ್ಟದ ಪಂದ್ಯದ ಕೊನೆಯ ಔಟ್ ಹಾಗೆಯೇ ಕೈತಪ್ಪಿತು. ಅಂದಿನಿಂದ ಆಟಕ್ಕೆ ಚಿಕ್ಕ ಗಾತ್ರದ ಜೆಪೆಗ್ ಒಂದೇ. ಮೂರು ನಾಲ್ಕು ಹೊಡೆದು ಬೆರಳು ತೆಗೆಯುತ್ತೇನೆ.

ಕಬಡ್ಡಿ ಬೇರೆಯೇ ಲೋಕ. ನನ್ನ ತವರು ಗುಬ್ಬಿ ಕಡೆ. ಅಲ್ಲಿ ಊರಹಬ್ಬ ಬಂತೆಂದರೆ ರಾತ್ರಿ ಕಬಡ್ಡಿ ಇದ್ದೇ ಇರುತ್ತದೆ. ಊಟ ಮುಗಿಸಿ ಒಂಬತ್ತು ಗಂಟೆಗೆ ಶುರುವಾದರೆ ಫೈನಲ್ ಆಗುವ ಹೊತ್ತಿಗೆ ಕೋಳಿ ಕೂಗುತ್ತದೆ. ಸುತ್ತ ಗಳ ನೆಟ್ಟು ದೀಪ ಕಟ್ಟಿರುತ್ತಾರೆ. ಮೈಕಿನಲ್ಲಿ ಒಬ್ಬರು ಉಸಿರು ಬಿಡದೆ ಹೇಳುತ್ತಲೇ ಇರುತ್ತಾರೆ.

ಅಲ್ಲಿ ಮೊದಲ ರಾತ್ರಿ ನನಗೆ ತಲೆ ಕೆಟ್ಟುಹೋಗಿತ್ತು. ಒಂದೇ ಜಾಗ, ಒಂದೇ ಸೆಟ್ಟಿಂಗ್. ಒಂದು ಫೋಟೊ ಬೆಳ್ಳಗೆ, ಮುಂದಿನದು ಕಪ್ಪಗೆ, ಇನ್ನೊಂದರಲ್ಲಿ ಅರ್ಧ ಭಾಗ ಹಳದಿ. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ನಮ್ಮೂರಿನಲ್ಲಿ ಕರೆಂಟಿನ ಕೆಲಸ ಮಾಡುವ ಹುಡುಗನೊಬ್ಬ ಬಿಡಿಸಿ ಹೇಳಿದ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಶಟರ್ 1/500ರಲ್ಲಿದ್ದರೆ ಆ ಏರಿಳಿತದ ಒಂದು ಚೂರು ಮಾತ್ರ ಫೋಟೊಗೆ ಸಿಗುತ್ತದೆ. ಬೆಳಗಿದಾಗ ಸಿಕ್ಕರೆ ಬೆಳಕು, ಮಂಕಾದಾಗ ಸಿಕ್ಕರೆ ಕತ್ತಲೆ.

ಹಾಗಾದರೆ ಶಟರ್ 1/100 ಇಟ್ಟರೆ? ಒಂದು ಏರಿಳಿತ ಪೂರ್ತಿ ಸಿಗುತ್ತದೆ, ಬೆಳಕು ಸಮ ಬರುತ್ತದೆ. ಆದರೆ ಓಡುವ ಕಾಲು ಮಸುಕಾಗುತ್ತದೆ. ನಾನು ಎರಡನ್ನೂ ಬಳಸಿಕೊಂಡೆ. ಕಬಡ್ಡಿಯಲ್ಲಿ ಸ್ತಬ್ಧವಾಗುವ ಕ್ಷಣಗಳು ಬಹಳ ಇವೆ. ಎದುರಾಳಿ ಅಂಕಣಕ್ಕೆ ನುಗ್ಗುವ ರೈಡರ್ ಬಗ್ಗಿ, ಕೈ ಚಾಚಿ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತಾನೆ. ಕೈ ಕೈ ಹಿಡಿದ ಡಿಫೆಂಡರ್‌ಗಳು ಕಾಲಿನ ಬೆರಳ ಮೇಲೆ ಕಾಯುತ್ತಾರೆ. ಅದಕ್ಕೆ 1/100 ಸಾಕು. ಮೇಲೆ ಬಿದ್ದು ಹಿಡಿಯುವ ಹೊತ್ತಿಗೆ ಮಾತ್ರ 1/500ಕ್ಕೆ ಹೋಗಿ ಒಟ್ಟಿಗೆ ಐದಾರು ಹೊಡೆಯುತ್ತೇನೆ. ಅದರಲ್ಲಿ ಎರಡಾದರೂ ಬೆಳಕಿರುವಾಗ ಬೀಳುತ್ತವೆ. ಈಗ ಬರುವ ಒಳ್ಳೆಯ ಎಲ್‌ಇಡಿ ದೀಪಗಳಲ್ಲಿ ಈ ತೊಂದರೆ ಕಡಿಮೆ. ಆಟಕ್ಕೆ ಮೊದಲು ಮೊಬೈಲ್ ಕ್ಯಾಮೆರಾ ತೆರೆದು ದೀಪಕ್ಕೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ ಆ ದೀಪ ನಿಮ್ಮನ್ನು ಕಾಡುತ್ತದೆ ಅಂತ ತಿಳಿಯಿರಿ. ರಾತ್ರಿಗೆ ಲೆನ್ಸ್ ಕೂಡ ಬದಲಿಸುತ್ತೇನೆ. 50 ಎಂಎಂ, ಎಫ್ 1.8, ಅಂದರೆ ಬಾಯಿ ಅಗಲ ತೆರೆಯುವ ಲೆನ್ಸ್. ಕಡಿಮೆ ದುಡ್ಡಿಗೆ ಸಿಗುತ್ತದೆ, ಬೆಳಕನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಫ್ಲಾಶ್ ಮಾತ್ರ ಯಾವತ್ತೂ ಹಾಕುವುದಿಲ್ಲ. ಉಸಿರು ಕಟ್ಟಿ ಆಡುವವನ ಕಣ್ಣಿಗೆ ಬೆಳಕು ಹೊಡೆಯುವುದು ಅನ್ಯಾಯ ಅಲ್ವಾ?

ಕಬಡ್ಡಿಗೆ ಎಲ್ಲಿ ಕೂರಬೇಕು ಅನ್ನುವುದನ್ನು ನಾನು ಎರಡು ವರ್ಷ ಹುಡುಕಿದೆ. ಮೊದಲು ಹಿಂದಿನ ಗೆರೆಯ ಮೂಲೆಯಲ್ಲಿ ಕೂರುತ್ತಿದ್ದೆ. ರೈಡರ್ ಒಳಗೆ ಬರುವಾಗ ಮುಖ ಸಿಗುತ್ತದೆ. ಬೋನಸ್‌ಗೆ, ಅಂದರೆ ಬೋನಸ್ ಗೆರೆ ದಾಟಿ ಹೆಚ್ಚಿನ ಅಂಕ ಪಡೆಯಲು, ಕಾಲು ಚಾಚುವುದೂ ಸಿಗುತ್ತದೆ. ಎದುರಿಗೆ ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್, ಹಾಗಾಗಿ ಅಂಕಣ ತುಂಬಿರುವಾಗ ಆ ಕಾಲಿಗೆ ಕಾಯಬೇಕು. ಆದರೆ ಹಿಡಿತ ಬಿದ್ದ ಮೇಲೆ ಬರೀ ಬೆನ್ನುಗಳೇ. ಯಾಕೆಂದರೆ ಸಿಕ್ಕಿಬಿದ್ದವನು ಓಡುವುದು ತನ್ನ ಅಂಕಣದ ಕಡೆಗೆ. ಅವನ ಆಸೆಯೆಲ್ಲ ಇರುವುದು ನಡು ಗೆರೆಯಲ್ಲಿ. ಇದು ಹೊಳೆದ ಮೇಲೆ ನಾನು ರೈಡರ್‌ನ ಸ್ವಂತ ಅಂಕಣದ ಪಕ್ಕದ ಗೆರೆಯಾಚೆ, ನಡು ಗೆರೆಗಿಂತ ಸ್ವಲ್ಪ ಹಿಂದೆ ಕೂತೆ. ಮೂರು ಜನ ಕಾಲು, ಸೊಂಟ ಹಿಡಿದು ಎಳೆಯುತ್ತಿದ್ದಾರೆ. ಅವನು ನೆಲಕ್ಕೆ ಬಿದ್ದಿದ್ದಾನೆ. ಕೈ ಮಾತ್ರ ನಡು ಗೆರೆಯ ಸುಣ್ಣದ ಕಡೆ ಚಾಚಿದೆ. ಬೆರಳಿಗೂ ಗೆರೆಗೂ ನಾಲ್ಕು ಇಂಚು. ಅವನ ಮುಖ ನನ್ನ ಕಡೆಗೇ ಇದೆ. ನಾನು ತೆಗೆದ ಫೋಟೊಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ಒಂದು ಎಚ್ಚರಿಕೆ: ಗೆರೆಗೆ ಅಂಟಿ ಕೂರಬೇಡಿ. ಒಮ್ಮೆ ನಾಲ್ಕು ಜನ ಒಟ್ಟಿಗೆ ಉರುಳಿ ನಾನಿದ್ದ ಕಡೆ ಬಂದರು. ಪಕ್ಕದಲ್ಲಿದ್ದ ಅಜ್ಜ ನನ್ನ ತೋಳು ಹಿಡಿದು ಎಳೆಯದಿದ್ದರೆ ಕ್ಯಾಮೆರಾ ಉಳಿಯುತ್ತಿರಲಿಲ್ಲ, ಆಟಗಾರರಿಗೂ ಪೆಟ್ಟಾಗುತ್ತಿತ್ತು.

ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ ಇದೆ ಅನ್ನುವವರು ಬೇಸರ ಮಾಡಿಕೊಳ್ಳಬೇಡಿ. ಹಗಲಿನಲ್ಲಿ ಮೊಬೈಲ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆರಳಲ್ಲಿ ಎಳೆದು ಜೂಮ್ ಮಾಡುವುದು ಬೇಡ, ಚಿತ್ರ ಒಡೆಯುತ್ತದೆ. ಹತ್ತಿರವಿರುವ ಒಂದು ಮೂಲೆ ಆರಿಸಿಕೊಂಡು, ಆಟ ಅಲ್ಲಿಗೆ ಬರುವ ತನಕ ಕಾಯಿರಿ. ಹತ್ತಿರ ಬರದ ಆಟವನ್ನು ಬಿಟ್ಟು ಸುತ್ತಲಿನ ಜನರನ್ನು ನೋಡಿ. ಕಾಂಪೌಂಡ್ ಮೇಲೆ ಸಾಲಾಗಿ ಕೂತ ಹುಡುಗರು, ಸೋತ ತಂಡಕ್ಕೆ ನೀರು ಕೊಡುವ ಮೇಷ್ಟ್ರು, ಬೆಳಗ್ಗೆ ಡಬ್ಬಿಯಿಂದ ಸುಣ್ಣದ ಪುಡಿ ಸುರಿಯುತ್ತಾ ಗೆರೆ ಎಳೆಯುವವರು. ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಟದ ಸ್ಪರ್ಧೆಗಳು ನಡೆದಾಗ ನಾನು ಮೊಬೈಲಿನಲ್ಲಿ ತೆಗೆದದ್ದು ಹೆಚ್ಚಾಗಿ ಇಂಥವೇ. ಗೆದ್ದವರ ಮುಖ ಎಲ್ಲರೂ ತೆಗೆಯುತ್ತಾರೆ. ನಾಲ್ಕನೆಯವಳಾಗಿ ಬಂದು ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಂತ ಹುಡುಗಿಯನ್ನು ಯಾರಾದರೂ ನೋಡಬೇಕು.

ಮೈದಾನದಾಚೆಗೂ ಹೋಗುತ್ತೇನೆ. ದೇವರಾಯನದುರ್ಗಕ್ಕೆ ಬೆಳಗ್ಗೆ ಸೈಕಲ್ ತುಳಿಯುತ್ತಾ ಹತ್ತುವವರಿದ್ದಾರೆ. ತಿರುವಿನ ಒಳಮಗ್ಗುಲಲ್ಲಿ ನಿಂತು, ಶಟರ್ 1/60ಕ್ಕೆ ಇಳಿಸಿ, ಸೈಕಲ್ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಒತ್ತಿದರೆ ಸವಾರ ಸ್ಪಷ್ಟ ಬರುತ್ತಾನೆ, ಹಿಂದಿನ ಕಾಡು ಗೆರೆಗೆರೆಯಾಗಿ ಹರಿಯುತ್ತದೆ. ಹತ್ತು ತೆಗೆದರೆ ಒಂದು ಸಿಗಬಹುದು. ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಗೆ ಮಾತ್ರ ಬೆಳಗಿನ ಏಳು ಗಂಟೆಯೊಳಗೆ ಇರಬೇಕು. ಎಳೆ ಬಿಸಿಲು ದೂಳಿನಲ್ಲಿ ತೂರಿ ಹಳ್ಳಿಕಾರ್ ಎತ್ತುಗಳ ಕೊಂಬಿನ ಮೇಲೆ ಬೀಳುವುದು ಸ್ವಲ್ಪ ಹೊತ್ತು ಅಷ್ಟೇ. ಸೂರ್ಯನಿಗೆ ಎದುರಾಗಿ ನಿಂತು ತೆಗೆಯಿರಿ, ದೂಳೇ ಹೊಳೆಯುತ್ತದೆ. ಆದರೆ ಎತ್ತಿನ ಯಜಮಾನರನ್ನು ಕೇಳದೆ ತೆಗೆಯಬೇಡಿ. ದೃಷ್ಟಿಯಾಗುತ್ತದೆ ಅಂತ ಕೆಲವರಿಗೆ ಇಷ್ಟವಿರುವುದಿಲ್ಲ, ಆ ಮಾತಿಗೆ ಬೆಲೆ ಕೊಡಬೇಕು. "ಅಣ್ಣ, ಒಂದು ಫೋಟೊ ತೆಗೀಲಾ?" ಅಂದರೆ ಬಹಳ ಜನ ತಾವೇ ಹಗ್ಗ ಹಿಡಿದು ಎತ್ತಿನ ತಲೆ ಎತ್ತಿಸಿ ನಿಲ್ಲಿಸುತ್ತಾರೆ. ಮುಗಿಸಿಕೊಂಡು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರೆ ಆ ದಿನ ಪೂರ್ತಿ.

ಹೆಣ್ಣುಮಕ್ಕಳ ಆಟದ ಫೋಟೊ ಬಗ್ಗೆ ನಾನು ಬಹಳ ಬಿಗಿ. ಮೊದಲು ತಂಡದ ಮೇಷ್ಟ್ರಿಗೋ ಮೇಡಂಗೋ ಹೇಳಿ, ನಾನು ಯಾರು ಅಂತ ತಿಳಿಸಿಯೇ ಕೂರುತ್ತೇನೆ. ಬಿದ್ದಾಗ, ಬಟ್ಟೆ ಸರಿದಾಗ ಬಂದ ಫೋಟೊವನ್ನು ಅಲ್ಲೇ ಅಳಿಸುತ್ತೇನೆ. ಮನೆಯವರ ಒಪ್ಪಿಗೆ ಇಲ್ಲದೆ ಯಾವ ಮಗುವಿನ ಚಿತ್ರವನ್ನೂ ಸ್ಟೇಟಸ್‌ಗೆ ಹಾಕುವುದಿಲ್ಲ. ನನ್ನ ಮಗಳಿಗೆ ಏನು ಬೇಡವೋ ಅದು ಯಾರ ಮಗಳಿಗೂ ಬೇಡ.

ಮನೆಗೆ ಬಂದು ಮುನ್ನೂರರಲ್ಲಿ ಹದಿನೈದು ಇಪ್ಪತ್ತು ಉಳಿಸಿಕೊಳ್ಳುತ್ತೇನೆ. ಮುಖ ಇರಬೇಕು, ಚೆಂಡೋ ಗೆರೆಯೋ ಕಂಬವೋ ಇರಬೇಕು, ಇಲ್ಲದಿದ್ದರೆ ತೆಗೆದುಹಾಕುತ್ತೇನೆ. ಓರೆಯಾದ ನೆಲ ನೆಟ್ಟಗೆ ಮಾಡುತ್ತೇನೆ, ಅಷ್ಟೇ ತಿದ್ದುವುದು. ಅದೇ ರಾತ್ರಿ ತಂಡದವರಿಗೆ ಕಳಿಸುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಗಾತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಪ್ರಿಂಟ್ ಹಾಕಿಸಲು ಬರುತ್ತದೆ.

ನಡು ಗೆರೆಗೆ ಕೈ ಚಾಚಿದ ಆ ಹುಡುಗನ ಫೋಟೊವನ್ನು ನಾನೇ ಪ್ರಿಂಟ್ ಹಾಕಿಸಿ, ಮುಂದಿನ ಸಲ ತವರಿಗೆ ಹೋದಾಗ ಅವರ ಮನೆಗೆ ಕೊಟ್ಟೆ. ಹುಡುಗ ಇರಲಿಲ್ಲ, ತಾಯಿ ಇದ್ದರು. ಮಗ ಆರು ವರ್ಷದಿಂದ ಆಡುತ್ತಿದ್ದಾನೆ, ಅವರು ಒಂದು ಸಲವೂ ರಾತ್ರಿ ಮೈದಾನಕ್ಕೆ ಬಂದವರಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಫೋಟೊ ತೆಗೆದುಕೊಂಡರು. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೂಲೆಯಲ್ಲಿ ಬೆರಳಿಟ್ಟು ಕೇಳಿದರು: "ಯಾಕವ್ವಾ ಇವ್ನ ಮಂಡಿ ಹಿಂಗೆ ಕಿತ್ತೋಗೈತೆ? ಮನೇಲಿ ಒಂದ್ ಮಾತೂ ಹೇಳ್ಲಿಲ್ವಲ್ಲ."